ಹಾಲುಹಲ್ಲು

ಒಟ್ಟು ಎಂಟು ಗುರುತು. ಮೇಲೆ ನಾಲ್ಕು, ಕೆಳಗೆ ನಾಲ್ಕು.
ಆಸ್ತಾಳ ಮುಂಗೈಗೆ ಯಾರೋ
ಪುಟ್ಟ ಗಡಿಯಾರ ಕಟ್ಟಿದ ಹಾಗೆ.

ವಿಗ್ಗೊನಿಗೆ ಇಪ್ಪತ್ತು ತಿಂಗಳು.
ಬರುವ ಮಾತು ಮೂರೇ: ಹಾಲು, ನಾಯಿ, ಇಲ್ಲ.
ಇಲ್ಲ ಅನ್ನುವುದಕ್ಕೂ ಬಾಯಿ ತೆರೆಯಬೇಕು.
ತೆರೆದ ಬಾಯಿ ಒಮ್ಮೊಮ್ಮೆ ಮಾತಿನತನಕ ಹೋಗುವುದಿಲ್ಲ,
ದಾರಿಯಲ್ಲೇ ಯಾರದೋ ತೋಳು ಸಿಗುತ್ತದೆ.

ಎಸ್ಬೆರ್ಗಿನ ಈ ಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ
ಊರವರ ಕೂಸುಗಳನ್ನು ಹಗಲು ನೋಡಿಕೊಳ್ಳುತ್ತೇನೆ.
ನಾಲ್ಕು ಮಗು, ನಾಲ್ಕು ಗೂಟ, ನಾಲ್ಕು ಜೊತೆ ರಬ್ಬರ್ ಬೂಟು.
ಮಧ್ಯಾಹ್ನ ಹಿತ್ತಲಲ್ಲಿ, ಚಳಿಯಲ್ಲೇ,
ತಳ್ಳುಗಾಡಿಯೊಳಗೆ ಮಲಗಿಸುವುದು ಇಲ್ಲಿನ ರೂಢಿ:
ಉಣ್ಣೆ ಟೊಪ್ಪಿ, ಗರಿ ತುಂಬಿದ ಹೊದಿಕೆ,
ಮೂಗಿನ ತುದಿಯಷ್ಟೇ ಹೊರಗೆ.
ತೂಗುವ ಕೆಲಸ ಬಂದರಿನ ಗಾಳಿಯದು.
ಕಚ್ಚುವ ಮಕ್ಕಳು ಮೊದಲೂ ಬಂದಿದ್ದರು.
ಒಬ್ಬಳು ಈಗ ಹಲ್ಲಿನ ಡಾಕ್ಟರು. ನಗಬೇಡಿ, ನಿಜ.

ವಾರವಿಡೀ ಬರೆದಿಟ್ಟೆ, ದಿನಸಿ ಚೀಟಿಯ ಬೆನ್ನಿಗೆ:
ಸೋಮವಾರ ಹತ್ತೂವರೆ, ಬೂಟು ಹಾಕುವ ಹೊತ್ತು.
ಮಂಗಳವಾರ ಹತ್ತೂವರೆ, ಬಾಗಿಲ ಸಂದಿ.
ಬುಧವಾರ ಕಚ್ಚಲಿಲ್ಲ. ಮಳೆ. ನಾವು ಹೊರಡಲಿಲ್ಲ.
ಗುರುವಾರ ಮತ್ತೆ ಬೂಟು.
ಬಾಗಿಲ ಬಳಿಯ ಆ ಓಣಿ ಎರಡು ಮೊಳ ಅಗಲ,
ಅವನ ಕಣ್ಣ ಮಟ್ಟಕ್ಕೇ ಬರುವ ಬೇರೆಯವರ ಮೊಣಕೈ.
ಅಪ್ಪ ಕಡಲ ನಡುವಿನ ಗಾಳಿಯಂತ್ರಗಳಿಗೆ ಹೋದರೆ
ಹದಿನೈದು ದಿನ ಇಲ್ಲ;
ಬಾಗಿಲೆಂದರೆ ಅವನ ಲೆಕ್ಕದಲ್ಲಿ
ಜನ ಕಾಣೆಯಾಗುವ ಜಾಗ ಇರಬಹುದು.
ಅಥವಾ ಬರೀ ದವಡೆ ಹಲ್ಲು ಮೂಡುತ್ತಿರಬಹುದು.

ಆಸ್ತಾಳ ತಾಯಿ ಕೇಳಿದಳು, ಮೆಲ್ಲಗೆ,
ಇಲ್ಲಿ ಯಾರೂ ದನಿ ಎತ್ತುವುದಿಲ್ಲ:
ಆ ಇನ್ನೊಂದು ಮಗು ಎಷ್ಟು ದಿನ ಇರುತ್ತೆ?
ಇನ್ನೊಂದು ಮಗು.
ಹೆಸರು ಗೊತ್ತು ಅವಳಿಗೆ. ಅವನ ಹುಟ್ಟುಹಬ್ಬದ ಕೇಕು ತಿಂದಿದ್ದಾಳೆ.

ಇವತ್ತು ಇಬ್ಬಿಬ್ಬರನ್ನೇ ಓಣಿಗೆ ಕರೆದೆ.
ತಣ್ಣೀರಲ್ಲಿ ಹಿಂಡಿದ ಬಟ್ಟೆ ಅವನ ಕೈಗಿಟ್ಟೆ:
ಇದನ್ನ ಕಚ್ಚು ಕಂದ, ಎಷ್ಟು ಬೇಕೋ ಅಷ್ಟು.
ಕಚ್ಚಿದ. ನೀರು ಸೋರಿ ಗಲ್ಲ ಒದ್ದೆಯಾಯಿತು, ನಕ್ಕ.
ಗೆದ್ದೆ ಅಂದುಕೊಂಡೆ.
ಅಷ್ಟರಲ್ಲಿ ಅಂಚೆಯವನು ಬಾಗಿಲು ಬಡಿದ,
ಆಸ್ತಾ ಓಡಿ ಬಂದಳು,
ಕಿರುಚಿದಳು.

ಅವನ ತೋಳು ಹಿಡಿದೆ.
ಹಿಡಿದೆ ಅನ್ನುವುದು ಸಣ್ಣ ಮಾತು.
ಬಿಟ್ಟಾಗ ಅಲ್ಲಿ ನನ್ನ ನಾಲ್ಕು ಬೆರಳು,
ಮೊದಲು ಬಿಳಿ, ಆಮೇಲೆ ಕೆಂಪು.
ಅವನು ಅಳಲಿಲ್ಲ.
ಗುರುತು ನೋಡಿದ, ನನ್ನನ್ನು ನೋಡಿದ,
ತೋರುಬೆರಳಿಟ್ಟು ಒಂದೊಂದನ್ನೇ ಮುಟ್ಟಿದ,
ಚಿತ್ರದ ಪುಸ್ತಕದಲ್ಲಿ ನಾಯಿಯನ್ನು ಮುಟ್ಟುವಂತೆ.

ಹಲ್ಲು ಕಚ್ಚಿ ಸಹಿಸು ಅನ್ನುತ್ತಿದ್ದಳು ನನ್ನಜ್ಜಿ,
ಮೀನು ಕುಯ್ಯುವ ಶೆಡ್ಡಿನಲ್ಲಿ ನಿಂತು ಸವೆದವಳು.
ಇಪ್ಪತ್ತೊಂಬತ್ತು ವರ್ಷ ಕಚ್ಚಿಕೊಂಡಿದ್ದ ಹಲ್ಲು
ಯಾವಾಗ ಕೈಗೆ ಇಳಿಯಿತೋ ಗೊತ್ತಾಗಲಿಲ್ಲ.

ಮಕ್ಕಳು ಮಲಗಿದ ಮೇಲೆ ಹಿತ್ತಲಲ್ಲಿ ನಿಂತೆ.
ನಾಲ್ಕು ಗಾಡಿ. ನಾಲ್ಕು ಮೂಗಿನ ತುದಿ.
ಯಾರು ಕಚ್ಚಿದವರು, ಯಾರು ಕಚ್ಚಿಸಿಕೊಂಡವರು,
ನಿದ್ದೆಯಲ್ಲಿ ಹೇಳುವಂತಿರಲಿಲ್ಲ.

ಸಂಜೆ ಆಸ್ತಾಳ ತಾಯಿಗೆ ಹೇಳುವುದು ಕಷ್ಟವಾಗಲಿಲ್ಲ.
ಇವತ್ತೂ ಕಚ್ಚಿದ, ಅಂದೆ. ತಪ್ಪು ಇನ್ನೊಬ್ಬರದಾದರೆ
ವಾಕ್ಯ ತಾನಾಗಿ ಮುಗಿಯುತ್ತದೆ.
ಆಮೇಲೆ ವಿಗ್ಗೊನ ತಾಯಿ, ಬಗಲಲ್ಲಿ ಸೈಕಲ್ಲಿನ ಹೆಲ್ಮೆಟ್ಟು.
ತೋಳಿನ ಕೆಂಪು ಅಷ್ಟು ಹೊತ್ತಿಗೆ ಮಾಸಿತ್ತು.
ನಾನು ಹೇಳದಿದ್ದರೆ ಇಲ್ಲ:
ಅವನಿಗಿರುವ ಮೂರು ಮಾತಿನಲ್ಲಿ
ಯಾವುದೂ ನನ್ನ ಹೆಸರಲ್ಲ.

ಬಾಯಿ ತೆರೆದೆ.
ಅಲ್ಲಿಂದ ಮಾತಿಗೆ ಎಷ್ಟು ದೂರ ಅಂತ
ಆಗ ತಿಳಿಯಿತು.

ಇವತ್ತು ನಾನು, ಅಂದೆ.
ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತಿದ್ದ ಅವಳ ಕೈ ನಿಂತಿತು.
ವಿಗ್ಗೊ ನೆಲದಲ್ಲಿ ಕೂತು
ಎಡದ ಬೂಟನ್ನು ಬಲಗಾಲಿಗೆ ತುರುಕುತ್ತಿದ್ದ,
ಒದ್ದೆ ಬಟ್ಟೆ ಇನ್ನೂ ಹಲ್ಲಲ್ಲಿತ್ತು.