ಮೂರನೆಯ ಕಾರಣ

ಗ್ಯಾಸ್ ಸಿಲಿಂಡರು ಹಿಂತಿರುಗಿಸಿ ಠೇವಣಿ ಪಡೆದೆ.
ಸ್ಕೂಟಿ, ಸಾಲಗಾಮೆ ರಸ್ತೆಯ ಒಬ್ಬ ಹುಡುಗಿಗೆ;
ಎಡಗನ್ನಡಿಯ ಬಿರುಕು ಅವಳು ನೋಡಲೇ ಇಲ್ಲ,
ನಾನೇ ತೋರಿಸಿ ಇನ್ನೂರು ಕಳೆದುಕೊಂಡೆ.
ಚೀಟಿಯ ಕೊನೆಯ ಕಂತು ಮೈಮುನಾಳ ಕೈಗೆ,
ನೈಟ್ ಡ್ಯೂಟಿ ಮುಗಿಯುವ ಹೊತ್ತಲ್ಲಿ.

ಉಳಿದದ್ದು ಹಾಸನದ ತಾಲ್ಲೂಕು ಕಚೇರಿ.
ಅಣ್ಣನ ರೇಷನ್ ಕಾರ್ಡಿನಿಂದ ನನ್ನ ಹೆಸರು ತೆಗೆಸಬೇಕು.
ಬೋರಲಿಂಗಪ್ಪನವರು ಕನ್ನಡಕ ಏರಿಸಿ
ಪರದೆಯನ್ನೇ ನೋಡಿದರು:
‘ಇಲ್ಲಿ ಎರಡೇ ಕಾರಣ ಇರೋದು ಸಿಸ್ಟರ್.
ಮರಣ, ಇಲ್ಲಾ ಮದುವೆ.’

ಕೆನಡಾದವರು ಏನೆಲ್ಲ ಕೇಳಿದ್ದರು!
ಎದೆಯ ಎಕ್ಸ್‌ರೇ, ಹತ್ತು ವರ್ಷದ ವಿಳಾಸ,
ಆಮೇಲಷ್ಟೇ ಕಾಯಂ ಎಂದದ್ದು.
ಹುಟ್ಟಿದೂರಿಗೆ ಒಂದೇ ಪ್ರಶ್ನೆ:
ಸತ್ತೆಯೋ, ಕೊಟ್ಟರೋ?

ಕ್ಯೂನಲ್ಲಿದ್ದ ಮುದುಕಿ ಸೆರಗಲ್ಲೇ ನಕ್ಕಳು.
‘ಮದ್ವೇಗೇ ಒತ್ತಪ್ಪಾ, ಒಳ್ಳೇದಾಗ್ಲಿ.’

ನಲವತ್ತೊಂದನೆಯ ವಯಸ್ಸಿನಲ್ಲಿ, ಮಂಗಳವಾರ,
ಅವರ ಊಟದ ಬಿಡುವಿಗೆ ಐದು ನಿಮಿಷ ಮೊದಲು
ನನ್ನ ಮದುವೆಯಾಯಿತು. ರಸೀದಿಯನ್ನೂ ಕೊಟ್ಟರು.

ಎನ್.ಆರ್. ಸರ್ಕಲ್ಲಿನಲ್ಲಿ ಇಳಿದು
ಒಂದು ಮೊಳ ಮಲ್ಲಿಗೆ ಕೊಂಡೆ. ಯಾಕೋ.
ಐನೂರರ ನೋಟು ನೋಡಿ ಹೂವಿನಾಕೆ
‘ಚಿಲ್ರೆ ಇಲ್ಲ, ನಾಳೆ ಕೊಡಿ’ ಎಂದಳು.

ರಾತ್ರಿ ಹತ್ತಕ್ಕೆ ಬಸ್ಸು.
ಹ್ಞೂಂ ಅಂದೆ.