ತೌಡು

ನಮ್ಮ ಕಡೆ ತೌಡು ಕುಟ್ಟುವುದೆಂದರೆ
ಕಾಳಿಲ್ಲದ ಮಾತನ್ನು ಮತ್ತೆ ಮತ್ತೆ ಒನಕೆಗೆ ಕೊಡುವುದು.
ಇಪ್ಪತ್ತೊಂಬತ್ತು ವರ್ಷ ಸಹಕಾರ ಸಂಘವೊಂದರಲ್ಲಿ
ಸಭೆಯ ನಡಾವಳಿ ಬರೆದವಳು ನಾನು.
ತೌಡಿನ ವಿಚಾರ ನನಗಾರೂ ಹೇಳಿಕೊಡಬೇಕಿಲ್ಲ
ಎಂದುಕೊಂಡಿದ್ದೆ,

ತ್ಸುವಾನೊದ ಆ ಮನೆಯಲ್ಲಿ ಮಿಸಾವೊ
ಅಡುಗೆಮನೆಯ ಹಲಗೆಯೊಂದನ್ನು ಎತ್ತಿ
ನೆಲದಡಿಯಿಂದ ಭರಣಿ ತೆಗೆಯುವ ತನಕ.

ಒದ್ದೆ ತೌಡು, ಉಪ್ಪು, ಕಡಲಪಾಚಿಯ ಚೂರು,
ಒಣಮೆಣಸು ನಾಲ್ಕು, ಮತ್ತೆ, ನಂಬಿದರೆ ನಂಬಿ,
ತುಕ್ಕು ಹಿಡಿದ ಒಂದು ಮೊಳೆ.
ಮೊಳೆ ಯಾಕೆ? ಹುಬ್ಬಿನಲ್ಲೇ ಕೇಳಿದೆ.
ಆಕೆ ಬದನೆಕಾಯಿಯ ನೇರಳೆ ತೋರಿಸಿದಳು:
ಬಣ್ಣ ಬಿಡದಿರಲಿ ಅಂತ.
ವಾಸನೆಯೋ, ಎರಡು ದಿನದ ಕಲಗಚ್ಚು.
ಅದೇ ಭರಣಿಯ ಸೌತೆಕಾಯಿ, ಬಿಸಿ ಅನ್ನ:
ಮೀನಿಲ್ಲದ್ದೇನಾದರೂ ಇದೆಯೇ ಎಂದು
ನಾಲ್ಕು ದಿನ ಊರೂರು ಕೇಳಿ,
ಎದೆಯ ಮೇಲೆ ಅಡ್ಡ ಕಟ್ಟಿದ ಕೈಗಳನ್ನಷ್ಟೇ ಕಂಡವಳು
ಮೂರು ಸಲ ಬಡಿಸಿಕೊಂಡೆ.

ನೋಡಬೇಕಾದ್ದರ ಪಟ್ಟಿ ಬೇರೆಯೇ ಇತ್ತು.
ಗುಡ್ಡಕ್ಕೆ ಹತ್ತುವ ಕೆಂಪು ಕಮಾನುಗಳ ಸಾಲು,
ಬೀದಿಯ ಕಾಲುವೆಯಲ್ಲಿ ಸೋಮಾರಿ ಸಾಹುಕಾರರಂತೆ ಮೀನು,
ಗದ್ದೆಯಂಚಿಗೆ ಎಲೆಯೇ ಇಲ್ಲದೆ ಎದ್ದ ರಕ್ತಗೆಂಪು ಹೂ,
ಬೊಂಬಿಗೆ ತಲೆಕೆಳಗಾಗಿ ಒಣಹಾಕಿದ ಭತ್ತ.

ರಾತ್ರಿ ಫೋನು ಬಂತು. ಹಾಗಿಯಲ್ಲಿ ತಂಗಿ
ಮೆಟ್ಟಿಲಿಂದ ಬಿದ್ದಿದ್ದಾಳೆ.
ಮಿಸಾವೊ ಚೀಲ ಕಟ್ಟುತ್ತ ಮೊಬೈಲಿಗೆ ಏನೋ ಹೇಳಿದಳು,
ಮೊಬೈಲು ಗಂಭೀರ ಕನ್ನಡದಲ್ಲಿ ನನಗೆ ಹೇಳಿತು:
"ದಯವಿಟ್ಟು ನನ್ನ ಅತ್ತೆಯನ್ನು
ಬೆಳಿಗ್ಗೆ ಸಂಜೆ ತಳದಿಂದ ಕಲಕಿ."

ನಕ್ಕೆ. ಆಕೆ ನಗಲಿಲ್ಲ.
ಗೋಡೆಯ ಪಟದಲ್ಲಿ ತೊಕಿ ಎಂಬ ಅತ್ತೆಯೂ ನಗಲಿಲ್ಲ.
ಆ ಮುದುಕಿಯ ಕೈ ನಲವತ್ತು ವರ್ಷ ಆಡಿದ ತೌಡು,
ಆಮೇಲೆ ಸೊಸೆಯ ಕೈ.
ಕೈಗುಣ ಎಂಬ ಮಾತನ್ನು ನಾನು ಸುಮ್ಮನೆ
ಬಾಯಿಮಾತೆಂದು ತಿಳಿದಿದ್ದೆ.

ಬಳೆ ಕಳಚಿಟ್ಟು ಮೊಣಕೈ ತನಕ ಇಳಿದೆ.
ಮೇಲೆ ತಣ್ಣಗೆ,
ಒಳಗೆಲ್ಲೋ ಯಾರೋ ಈಗಷ್ಟೇ ಎದ್ದುಹೋದ
ಹಾಸಿಗೆಯ ಬಿಸುಪು.

ಮರುದಿನ ಮಳೆ. ಪಕ್ಕದ ಮನೆಯ ಶಿಗೆಮಾತ್ಸು
ಮೂಲಂಗಿ ಹಿಡಿದು ಬಂದ, ನನ್ನ ತೋಳು ನೋಡಿ
ಹೊಸ್ತಿಲಲ್ಲೇ ಕೂತುಬಿಟ್ಟ.
ಆತ ಆತನ ಭಾಷೆಯಲ್ಲಿ, ಬಹುಶಃ ಗದ್ದೆಗೆ ನುಗ್ಗಿದ ಹಂದಿಯ ಬಗ್ಗೆ,
ನಾನು ನನ್ನದರಲ್ಲಿ, ಎರಡು ಸಲ ತಪ್ಪಿದ ರೈಲಿನ ಬಗ್ಗೆ,
ಅರ್ಧ ಗಂಟೆ ಚೆನ್ನಾಗಿ ತೌಡು ಕುಟ್ಟಿದೆವು.
ಇದನ್ನು ಯಾರೂ ನಡಾವಳಿಯಲ್ಲಿ ಬರೆದುಕೊಳ್ಳಲಿಲ್ಲ.

ಮೂರನೆಯ ಸಂಜೆ ಬಿಸಿನೀರಿನ ತೊಟ್ಟಿಯಿಂದ ಎದ್ದವಳು
ಹಾಗೇ ನಿದ್ದೆಹೋದೆ.
ಬೆಳಿಗ್ಗೆ ಭರಣಿಯ ಮೇಲೆ
ಹಾಲಿನ ಕೆನೆಯಷ್ಟು ತೆಳ್ಳಗೆ ಬಿಳಿ.
ಪಟದತ್ತ ನೋಡದೆ ಕಲಕಿದೆ, ಕಲಕಿದೆ,
ಮೊಳೆ ಬೆರಳಿಗೆ ತಾಗುವ ತನಕ.

ಮಿಸಾವೊ ಬಂದವಳು ಚೀಲ ಇಳಿಸುವ ಮೊದಲೇ ಮೂಸಿದಳು.
ಗೊತ್ತಾಯಿತು ಅವಳಿಗೆ.
ಗೊತ್ತಾಯಿತೆಂದು ನನಗೂ ಗೊತ್ತಾಯಿತು.
ನಾನೇ ಹೂತಿಟ್ಟ ಬದನೆ ತೆಗೆದು, ತೊಳೆದು, ಹೆಚ್ಚಿ,
ದೊಡ್ಡ ಹೋಳನ್ನು ನನ್ನ ತಟ್ಟೆಗಿಟ್ಟು
ಪಟದತ್ತ ಕಣ್ಣು ಹೊಡೆದಳು.
ಮೊಬೈಲು ತನ್ನ ಕನ್ನಡದಲ್ಲಿ:
"ಈ ಕಾಲದ ಬದನೆಯನ್ನು
ಸೊಸೆಗೆ ತಿನ್ನಿಸಬಾರದು ಎಂದು ಗಾದೆ."
ಅತ್ತೆಯೆದುರು ಇಬ್ಬರೂ ಕಚ್ಚಿ ತಿಂದೆವು.
ಹುಳಿ ಒಂದು ಚೂರು ಹೆಚ್ಚಾಗಿತ್ತು.

ಒಸಾಕಾದ ರೈಲಿನಲ್ಲಿ ಪಕ್ಕದ ಪುಟ್ಟ ಹುಡುಗ
ನನ್ನ ಕೈಯತ್ತ ಮೂಗು ಚಾಚಿ
"ಒಬಾಚಾನ್" ಎಂದ.
ತಾಯಿ ಅವನ ಬಾಯಿ ಮುಚ್ಚಿ ನನಗೆ ತಲೆ ಬಾಗಿಸಿದಳು.
ಅಜ್ಜಿ ಎಂದದ್ದು ನನ್ನನ್ನೋ,
ಎಷ್ಟು ಸೋಪು ಹಾಕಿದರೂ ಉಗುರಸಂದಿ ಬಿಡದೆ
ಟಿಕೆಟಿಲ್ಲದೆ ಜೊತೆಗೆ ಬರುತ್ತಿದ್ದವಳನ್ನೋ,
ಕೇಳಲು ನನಗೆ ಭಾಷೆ ಬರಲಿಲ್ಲ.