ಮಳೆ ಬಾಡಿಗೆಗೆ

ನನ್ನ ಕಸುಬು ಮಳೆ.
ನ್ಯಾಶ್‌ವಿಲ್‌ನಲ್ಲಿ, ಕಂಬರ್ಲೆಂಡ್ ನದಿಯ ಆಚೆದಡದ ಗೋದಾಮಿನಲ್ಲಿ
ಎರಡು ಸಾವಿರ ಗ್ಯಾಲನ್ನಿನ ಟ್ಯಾಂಕರು, ನಾಲ್ಕು ಏಣಿ,
ಹದಿನಾರು ಮೂತಿಯ ಪೈಪು.
ತುಂತುರಿಗೆ ಒಂದು ದರ, ಜಡಿಗೆ ಒಂದು,
ಹೆಂಡತಿ ಬಿಟ್ಟುಹೋಗುವ ದೃಶ್ಯಕ್ಕೆ ಬೇರೆ.

ಡೆಲ್ಮರ್ ಟ್ಯಾಕೆಟ್ ನನ್ನ ಖಾಯಂ ಗಿರಾಕಿ.
ಕೆಂಟಕಿಯ ಕಲ್ಲಿದ್ದಲ ಊರಿನವನು,
ಮದುವೆ ಚಿತ್ರ ತೆಗೆಯುತ್ತ ತೆಗೆಯುತ್ತ
ಹಾಡಿನ ವಿಡಿಯೋಕ್ಕೆ ಬಂದು ಬಿದ್ದವನು.
ಹನ್ನೊಂದು ವರ್ಷ, ನೂರ ಮೂವತ್ತೆರಡು ಹಾಡು.
ಎಲ್ಲದರಲ್ಲೂ ಅದೇ ಕೆಂಪು ಪಿಕಪ್ ಟ್ರಕ್ಕು
(ನನ್ನ ಭಾಮೈದನದು, ದಿನಕ್ಕೆ ಅರವತ್ತು ಡಾಲರು),
ಅದೇ ವರಾಂಡದ ತೂಗುಬೆಂಚು,
ಗಿಟಾರಿನ ಮೇಲೆ ಅದೇ ಸಂಜೆಬಿಸಿಲು.
ಬರಿಗಾಲ ಹುಡುಗಿ ಮಾತ್ರ ಪ್ರತಿಸಲವೂ ಹೊಸಬಳು.
ಮೂರೂವರೆ ನಿಮಿಷದಲ್ಲಿ
ಪ್ರೀತಿ, ಜಗಳ, ಯುದ್ಧದಿಂದ ಮರಳಿದ ಅಣ್ಣ,
ಗೋರಿಯ ಮೇಲೊಂದು ಟೋಪಿ.
ಡ್ರಮ್ಮಿನ ಪೆಟ್ಟಿಗೊಂದು ಕತ್ತರಿ.

ಬಲಗೈಯ ನಡುಬೆರಳು ತೊಡೆಯ ಮೇಲೆ
ಸದಾ ಕುಟ್ಟುತ್ತಿತ್ತು ಅವನದು. ಊಟದಲ್ಲೂ.
ಕೋರ್ಟಿನಲ್ಲಿ ಹೆಂಡತಿಯ ಕಡೆಯ ವಕೀಲ
ಅವನ ತಪ್ಪುಗಳ ಪಟ್ಟಿ ಓದುತ್ತಿದ್ದಾಗಲೂ.
ಸಾಕ್ಷಿಗೆಂದು ಹೋದವನು ಎಣಿಸಿದೆ:
ನಾಲ್ಕು ಪೆಟ್ಟು, ಒಂದು ಬಿಡುವು. ನಾಲ್ಕು ಪೆಟ್ಟು.

ಒಂದು ಮಾರ್ಚಿನಲ್ಲಿ ಫೋನು.
'ಓರ್ವಿಲ್, ಸಿನಿಮಾ ಮಾಡ್ತಿದೀನಿ. ತೊಂಬತ್ತು ನಿಮಿಷದ್ದು.'
'ಎಷ್ಟು ಮಳೆ?'
'ಮಳೆ ಇಲ್ಲ. ಹಾಡೂ ಇಲ್ಲ.'
'ಮತ್ತೆ ನಾನ್ಯಾಕೆ?'
'ಧೂಳಪ್ಪ. ದಾರಿಗೆ ನೀರು ಹೊಡೀಬೇಕು.'

ಗುಡುಗಿನ ಪಕ್ಕ ನಿಂತು ಸಂಪಾದಿಸಿದವನು
ಹೀಗೆ ಧೂಳು ಕೂರಿಸುವವನಾದೆ. ಅರ್ಧ ದರಕ್ಕೆ.

ಕತೆ ಎನ್ನಲಿಕ್ಕೆ ಏನಿತ್ತು?
ಬೆಟ್ಟದ ನಡುವೆ ಒಂದು ಅಂಚೆಕಚೇರಿ, ಮುಚ್ಚುವ ದಿನ.
ಮೊದಲ ವಾರ ಒಂದೂ ಕೂಡಿಬರಲಿಲ್ಲ.
ರಾತ್ರಿ ಸಂಕಲನ ಮಾಡುವ ಹುಡುಗಿ ಟ್ಯಾಮ್ಸಿನ್ ನಕ್ಕಳಂತೆ:
'ಇಲ್ಲದ ಡ್ರಮ್ಮಿಗೆ ಕತ್ತರಿಸ್ತಿದೀಯ.'
ಮುದುಕಿ ಬಾಗಿಲು ತೆರೆಯಲು ಒಂಬತ್ತು ತುಂಡು,
ಅಂಚೆಚೀಟಿಗೆ ನಾಲಿಗೆ ತಾಗಿಸಲು ಆರು.

ಹನ್ನೆರಡನೆಯ ದಿನ
ವರ್ಬೀನಾ ಕೌಡಿಲ್, ನಟಿಯಲ್ಲ,
ಮೂವತ್ತೊಂದು ವರ್ಷ ಅದೇ ಊರಿಗೆ ಟಪಾಲು ಹಂಚಿದವಳು,
ಮಾತು ಮರೆತಳು.
ಗೋಡೆಯ ಖಾನೆಯೊಂದರಲ್ಲಿ ಕೈ ಹಾಕಿದಳು. ಖಾಲಿ.
ಪಕ್ಕದ್ದರಲ್ಲಿ ಹಾಕಿದಳು.
ಅದೂ ಖಾಲಿಯೇ ಇದ್ದಿರಬೇಕು,
ಕೈ ಮಾತ್ರ ಹೊರಗೆ ಬರಲಿಲ್ಲ.
ಮೈಕು ಹಿಡಿದವನ ತೋಳು ನಡುಗತೊಡಗಿತು.
ಯಾರೋ ಕೆಮ್ಮು ನುಂಗಿದರು.
ಎಲ್ಲರೂ ಅವಳನ್ನು ನೋಡುತ್ತಿದ್ದರು,
ನಾನು ಡೆಲ್ಮರನ ತೊಡೆಯನ್ನು.

ಬೆರಳು ನಿಂತಿತ್ತು.

ಕಿಟಕಿಯಾಚೆ ನನ್ನ ಟ್ಯಾಂಕರಿನ ವಾಲ್ವು ಸೋರುತ್ತಿತ್ತು,
ಟಪ್... ಟಪ್,
ಓಡಿಹೋಗಿ ಅಂಗೈ ಒಡ್ಡುವಂತೆಯೂ ಇಲ್ಲ.
ಆ ಸದ್ದು ಸಿನಿಮಾದಲ್ಲಿ ಹಾಗೇ ಇದೆ.
ಅಳಿಸೋಣ ಎಂದವರಿಗೆ ಬೇಡ ಅಂದನಂತೆ.

ಮೊದಲ ಪ್ರದರ್ಶನಕ್ಕೆ ಇಪ್ಪತ್ಮೂರು ಜನ.
ಅದರಲ್ಲಿ ಏಳು ನಮ್ಮವರೇ.
ಹೊರಬರುತ್ತ ಒಬ್ಬ ಕೇಳಿದ: 'ಹಾಡಿದ್ದು ಯಾರು?'
ವರ್ಬೀನಾ ಪಾಪ್‌ಕಾರ್ನಿನ ದುಡ್ಡು ವಾಪಸು ಕೇಳಿದಳು,
ಉಪ್ಪು ಜಾಸ್ತಿಯೆಂದು.

ಸಾಲ ಸಾಲವೇ ತಾನೆ,
ಈಗಲೂ ಆಗೊಮ್ಮೆ ಈಗೊಮ್ಮೆ ಹಾಡಿಗೆ ಬರುತ್ತಾನೆ.
ಟ್ರಕ್ಕು ಕೇಳುತ್ತಾನೆ; ಭಾಮೈದ ಅದನ್ನು ಮಾರಿಯಾಯಿತು.
ಕಳೆದ ವಾರ ಬಂದು ಏಣಿ ಹಾಕಿಸಿದ,
ಜೋರಾಗಿ ಸುರಿಸಿದ, ಕ್ಯಾಮೆರಾ ಓಡಿಸಲೇ ಇಲ್ಲ.
'ನಿಲ್ಲಿಸು,' ಅಂದ. ನಿಲ್ಲಿಸಿದೆ.
ಸಿಕಮೋರ್ ಮರದ ಕೆಳಗೆ ಹಾಡುಗಾರ ಛಳಿಗೆ ಬೈಯುತ್ತಿದ್ದ.
ಎಲೆಯಿಂದ ಎಲೆಗೆ ಜಾರಿ
ಒಂದೊಂದೇ ಬೀಳುತ್ತಿತ್ತು ನೀರು.
'ಈಗ,' ಅಂದ.

ಮಳೆ ನಿಂತ ಮೇಲಿನ ಮರದ ಹನಿ.
ನನ್ನ ದರಪಟ್ಟಿಯಲ್ಲಿ ಅದಿಲ್ಲ.
ರಸೀದಿಯಲ್ಲಿ ತುಂತುರು ಎಂದೇ ಬರೆದೆ.